ನಿಜರೂಪ ಒಪ್ಪದ ಮುಖ

ಕಣ್ಣುಕಟ್ಟು ಸ್ಪರ್ಧೆಗೆ ನೀಲಗಂಗಾ ಕಳಿಸಿದ ಮೊದಲ ಚಿತ್ರವನ್ನು ಯಂತ್ರ ಮೂರು ಸೆಕೆಂಡಿನಲ್ಲಿ ಹಿಡಿದುಹಾಕಿತು. ಸೀರೆ ಅಂಗಡಿಯೊಂದರ ಮುಂದೆ ನಿಂತಿದ್ದ ಸೈಕಲ್ಲನ್ನು ಫೋಟೋದಿಂದ ಅಳಿಸುವುದು ಆ ವಾರದ ಕೆಲಸ. ಸೈಕಲ್ಲನ್ನೇನೋ ಅಳಿಸಿದ್ದಳು, ಅದರ ನೆರಳನ್ನು ಮರೆತಿದ್ದಳು. ನೆರಳಿನ ಸುತ್ತ ಕೆಂಪು ಗೆರೆ ಎಳೆದು, 'ಇಲ್ಲೊಂದು ಸೈಕಲ್ ಇತ್ತು' ಎಂದು ಬರೆದು ಯಂತ್ರ ಚಿತ್ರವನ್ನು ಹಿಂದಿರುಗಿಸಿತು. ಬೆಟಗೇರಿಯ ತನ್ನ ಮನೆಯ ಕಟ್ಟೆಯ ಮೇಲೆ ಕೂತು ಅದನ್ನು ಓದಿದ ನೀಲಗಂಗಾಳಿಗೆ ನಗು ಬಂತು. ಹಿಂದೆಯೇ ಸಿಟ್ಟೂ ಬಂತು.

ಆ ಯಂತ್ರದ ಹೆಸರು ನಿಜರೂಪ. ಯಾರ ಮುಖವನ್ನು ಯಾರು ಬೇಕಾದರೂ ಹಾಕಿಕೊಂಡು ಇನ್ನೊಬ್ಬರ ಖಾತೆಗೆ, ಇನ್ನೊಬ್ಬರ ಪರೀಕ್ಷೆಗೆ, ಇನ್ನೊಬ್ಬರ ನೌಕರಿಗೆ ನುಗ್ಗತೊಡಗಿದ ಮೇಲೆ ಅದನ್ನು ಕಟ್ಟಿದ್ದರು. ಈಗ ಕ್ಯಾಮೆರಾ ಮುಂದೆ ಮುಖ ತೋರಿಸಬೇಕಾದ ಕಡೆಯಲ್ಲೆಲ್ಲ ಮೊದಲು ನೋಡುತ್ತಿದ್ದುದು ನಿಜರೂಪವೇ. ಅದರ ಪ್ರಶ್ನೆ ಒಂದೇ: ಈ ಚಿತ್ರವನ್ನು ಯಾರಾದರೂ ತಿದ್ದಿದ್ದಾರೆಯೆ? ನಿಜವಾದ ಚರ್ಮದ ಮೇಲೆ ಬಿದ್ದ ಬೆಳಕು ಒಂದಿಷ್ಟು ಒಳಗಿಳಿದು, ಹರಡಿ, ಆಮೇಲೆ ಹೊರಗೆ ಬರುತ್ತದೆ. ಬಳಿದ ಬಣ್ಣಕ್ಕೆ ಆ ಆಳ ಇರುವುದಿಲ್ಲ. ಬಣ್ಣ ಬದಲಾಗುವ ಅಂಚುಗಳಲ್ಲಿ ನಿಜರೂಪ ಈ ವ್ಯತ್ಯಾಸವನ್ನೇ ಹುಡುಕುತ್ತಿತ್ತು. ಅದು ಒಪ್ಪದಿದ್ದರೆ, ಮನುಷ್ಯ ಎದುರಿಗೆ ಜೀವಂತ ನಿಂತಿದ್ದರೂ ಬಾಗಿಲು ತೆರೆಯುತ್ತಿರಲಿಲ್ಲ.

ಧಾರವಾಡದ ನಿಜರೂಪ ಕೇಂದ್ರದವರು ಯಂತ್ರವನ್ನು ಚುರುಕಾಗಿಡಲು ಆನ್‌ಲೈನಿನಲ್ಲಿ ಈ ಸ್ಪರ್ಧೆ ನಡೆಸುತ್ತಿದ್ದರು. ವಾರಕ್ಕೊಂದು ಫೋಟೋ ಕೊಡುತ್ತಾರೆ. ಅದನ್ನು ತಿದ್ದಿ, ಯಂತ್ರದ ಕಣ್ಣಿಗೆ ಮಣ್ಣೆರಚಿದವರು ಗೆದ್ದಂತೆ. ಗೆದ್ದ ಚಿತ್ರಗಳನ್ನು ಪ್ರತಿ ಭಾನುವಾರ ಯಂತ್ರಕ್ಕೆ ತೋರಿಸಿ, 'ನೋಡು, ಇಲ್ಲಿ ಮೋಸ ಹೋದೆ' ಎಂದು ಕಲಿಸುತ್ತಿದ್ದರು. ಪಳಗಿದವರ ಕೈಚಳಕವೆಲ್ಲ ಅದಕ್ಕೆ ಆಗಲೇ ಬಾಯಿಪಾಠವಾಗಿದ್ದರಿಂದ ಹೊಸಬರಿಗೆಂದೇ ಬೇರೆ ವಿಭಾಗವಿತ್ತು.

ನೀಲಗಂಗಾ ಹತ್ತೊಂಬತ್ತು ವರ್ಷ ನೂಲಿಗೆ ಬಣ್ಣ ಹಾಕುವ ಕಾರ್ಖಾನೆಯಲ್ಲಿ ದುಡಿದಿದ್ದಳು. ಹೊಸ ಲಡಿಯ ನೂಲನ್ನು ಹಳೆಯ ಸೀರೆಯ ಬಣ್ಣಕ್ಕೆ ಹೊಂದಿಸುವುದು ಅವಳ ಕೆಲಸ. ಬಣ್ಣ ಅಳೆಯುವ ಪೆಟ್ಟಿಗೆಯೊಂದು ಬಂದ ಮೇಲೆ ಅವಳ ಕಣ್ಣು ಯಾರಿಗೂ ಬೇಕಾಗಲಿಲ್ಲ. ಮನೆಯಲ್ಲಿ ಕೂತು ಬೇಸರವಾಗಿ, ಫೋನಿನಲ್ಲಿ ಈ ಸ್ಪರ್ಧೆ ಕಂಡು ಕೈ ಹಾಕಿದ್ದಳು. ಎರಡನೇ ವಾರವೂ ಸೋತಳು. ಮೂರನೇ ವಾರ ಅವಳ ತಿದ್ದುಪಡಿಯನ್ನು ಹಿಡಿಯಲು ಯಂತ್ರಕ್ಕೆ ಅರ್ಧ ನಿಮಿಷ ಬೇಕಾಯಿತು.

ನಾಲ್ಕನೇ ವಾರ ಬಂದದ್ದು ಒಬ್ಬ ಯುವತಿಯ ಮುಖ. ಮಚ್ಚೆಯಿಲ್ಲದ, ಕಲೆಯಿಲ್ಲದ ಮುಖ. 'ಇದರಲ್ಲಿ ಏನಾದರೂ ಒಂದು ಬದಲಾವಣೆ ಮಾಡಿ' ಎಂದಿತ್ತು. ಉಳಿದವರು ಮೂಗು ತಿದ್ದಿದರು, ಕಣ್ಣಿನ ಬಣ್ಣ ಬದಲಿಸಿದರು. ನೀಲಗಂಗಾ ಆ ಹುಡುಗಿಯ ಎಡಗೆನ್ನೆಯ ಮೇಲೆ ಮತ್ತು ತುಟಿಯ ಬಲತುದಿಯಲ್ಲಿ ಬಿಳಿ ಮಚ್ಚೆ ಮೂಡಿಸಿದಳು.

ಬಿಳಿ ಮಚ್ಚೆ ಹೇಗಿರುತ್ತದೆಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಗಂಡ ಗುರುಶಾಂತನ ಮುಖಕ್ಕೆ ಹನ್ನೊಂದು ವರ್ಷದಿಂದ ದಿನಕ್ಕೆರಡು ಸಲ ಅವಳೇ ಮುಲಾಮು ಹಚ್ಚುತ್ತಿದ್ದಳು. ಅಂಚು ಎಲ್ಲೂ ಗೆರೆ ಎಳೆದಂತಿರುವುದಿಲ್ಲ, ಒದ್ದೆ ನೂಲಿಗೆ ಬಣ್ಣ ಏರಿದ ಹಾಗೆ ಒಂದು ಕಡೆ ಮುಂದೆ, ಒಂದು ಕಡೆ ಹಿಂದೆ. ಮಚ್ಚೆಯೊಳಗಿನ ಸಣ್ಣ ಕೂದಲೂ ಬೆಳ್ಳಗಾಗುತ್ತದೆ. ಔಷಧಿ ನಾಟಿದ ಕಡೆ ಕೂದಲ ಬುಡದಿಂದ ಕಂದು ಚುಕ್ಕೆಗಳು ಸಾಸಿವೆ ಚೆಲ್ಲಿದಂತೆ ಎದ್ದು ಬರುತ್ತವೆ. ಇದೆಲ್ಲವನ್ನೂ ಅವಳು ಒಂದರ ಮೇಲೊಂದು ತೆಳು ಪದರವಾಗಿ, ಕಾರ್ಖಾನೆಯಲ್ಲಿ ಬಣ್ಣ ಏರಿಸುತ್ತಿದ್ದ ರೀತಿಯಲ್ಲೇ ಬಿಡಿಸಿದಳು. ಐದು ಮಧ್ಯಾಹ್ನ ಹಿಡಿಯಿತು.

ನಿಜರೂಪ ಆ ಚಿತ್ರವನ್ನು ನೋಡಿ, 'ತಿದ್ದಿಲ್ಲ' ಎಂದಿತು. ನಮೂದು ಸಂಖ್ಯೆ ೪೪೧೭ಕ್ಕೆ ಹೊಸಬರ ವಿಭಾಗದ ಮೊದಲ ಬಹುಮಾನ ಬಂತು. ಅವಳು ಮಾಡಿದ ವಿಧಾನವನ್ನು ಕೇಂದ್ರದವರು ಹಂತಹಂತವಾಗಿ ತಮ್ಮ ಪುಟದಲ್ಲಿ ಪ್ರಕಟಿಸಿದರು. ನೀಲಗಂಗಾ ಗಂಡನಿಗೆ ಗೆದ್ದೆ ಎಂದು ಹೇಳಿದಳು. ಏನು ಬಿಡಿಸಿ ಗೆದ್ದೆ ಎಂದು ಹೇಳಲಿಲ್ಲ.

ಗುರುಶಾಂತ ಊರ ಬಸ್ಸಿನ ಡ್ರೈವರ್. ಮುಖದ ಮೇಲೆ ಬಿಳುಪು ಕಾಣಿಸಿಕೊಂಡಾಗಿನಿಂದ ಮದುವೆ ಮುಂಜಿಗೆ ಹೋಗುವುದನ್ನು ಬಿಟ್ಟಿದ್ದ. ಫೋಟೋ ಎಂದರೆ ಎದ್ದು ಹೋಗುತ್ತಿದ್ದ. ಬಸ್ಸೊಂದೇ ಅವನಿಗೆ ಹಿತ. "ಅಲ್ಲಿ ನಲವತ್ತು ಮಂದಿ ಇದ್ರೂ ಕಾಣೂದು ನನ್ನ ಬೆನ್ನು" ಎನ್ನುತ್ತಿದ್ದ.

ಆ ಸೋಮವಾರ ಅವನು ಮುಂಜಾನೆ ಡ್ಯೂಟಿಗೆ ಹೋದವನು ಎಂಟು ಗಂಟೆಗೇ ಮನೆಗೆ ಬಂದ. ನೀಲಗಂಗಾ ರೊಟ್ಟಿ ತಟ್ಟುತ್ತಿದ್ದಳು.

"ಯಾಕ್ರಿ, ಇಷ್ಟು ಲಗೂನ ಬಂದ್ರಿ?"

"ಡಿಪೋದ ಕ್ಯಾಮೆರಾ ನನ್ನ ಮಾರಿ ಒಪ್ಪವಲ್ದು."

"ಒಪ್ಪವಲ್ದು ಅಂದ್ರ?"

"ತಿದ್ದಿದ ಮುಖ ಅಂತ ಬರಾಕತ್ತೇತಿ. ಅದು ಒಪ್ಪದ ಬಸ್ ಚಾಲೂನ ಆಗಂಗಿಲ್ಲ." ಅವನು ನೀರು ಕುಡಿದು ಲೋಟವನ್ನು ಕೈಯಲ್ಲೇ ಹಿಡಿದುಕೊಂಡು ನಿಂತ. "ಲೆನ್ಸಿಗೆ ಧೂಳ ಕುಂತಿರಬೇಕು."

ಅವಳ ಕೈ ಹಿಟ್ಟಿನ ಮೇಲೇ ನಿಂತಿತು. ರೊಟ್ಟಿ ಹಂಚಿನ ಮೇಲೆ ಸೀದು ಹೊಗೆಯೆದ್ದಾಗಲೇ ಅವಳಿಗೆ ಎಚ್ಚರ.

ಮರುದಿನವೂ ಹಾಗೇ ಆಯಿತು. ಬುಧವಾರ ಅವನು ಬಂದಾಗ ಎಡಗೆನ್ನೆ ಕೆಂಪಗೆ ಕೆರೆದು ಹೋಗಿತ್ತು.

"ಏನ್ರಿ ಇದು?"

ಅವನು ಗೋಡೆಯ ಕಡೆ ಮುಖ ಮಾಡಿ ಹೇಳಿದ: "ಡಿಪೋದವ್ರು ಒದ್ದಿ ಅರಿವಿಲೆ ತಿಕ್ಕಿ ತೋರಸು ಅಂದ್ರು. ಬಣ್ಣಗಿಣ್ಣ ಹಚ್ಚಿಯೇನು ಅಂತ. ಎಲ್ಲಾರ ಮುಂದ. ತಿಕ್ಕಿ ತೋರಿಸಿದೆ."

ಅದೇ ದಿನ ಮಧ್ಯಾಹ್ನ ಕೊರಿಯರಿನವನು ಬಹುಮಾನ ತಂದುಕೊಟ್ಟ. ಚಿತ್ರ ಬಿಡಿಸುವ ಹಲಗೆ, ಒಂದು ಪೆನ್ನು. ನೀಲಗಂಗಾ ಪೆಟ್ಟಿಗೆಯನ್ನು ಬಿಚ್ಚಲೂ ಇಲ್ಲ. ಅಕ್ಕಿಯ ಡಬ್ಬಿಯ ಹಿಂದೆ ತುರುಕಿದಳು. ಗಂಡ ಮಲಗಿದ್ದಾಗ ಮಚ್ಚೆ ಬಂದ ಮೇಲೆ ಲೈಸೆನ್ಸಿಗೆಂದು ಅವನು ತೆಗೆಸಿಕೊಳ್ಳಲೇಬೇಕಾಗಿದ್ದ ಫೋಟೋವನ್ನು ತೆಗೆದು, ಸ್ಪರ್ಧೆಯ ಪುಟದಲ್ಲಿ ಯಾರು ಬೇಕಾದರೂ ಚಿತ್ರ ಪರೀಕ್ಷಿಸಬಹುದಾದ ಜಾಗಕ್ಕೆ ಹಾಕಿದಳು. ಉತ್ತರ ತಡವಾಗಲಿಲ್ಲ.

'ತಿದ್ದಿದೆ. ತಿದ್ದಿದ ಜಾಗ: ಎಡಗೆನ್ನೆ, ತುಟಿಯ ಬಲತುದಿ. ಹೋಲಿಕೆ: ನಮೂದು ೪೪೧೭.'

ಅವಳು ಫೋನನ್ನು ಮಗುಚಿಟ್ಟಳು. ಮತ್ತೆ ಎತ್ತಿ ಓದಿದಳು. ಸಂಖ್ಯೆ ಬದಲಾಗಲಿಲ್ಲ.

ಗುರುವಾರದ ಸುದ್ದಿಯಲ್ಲಿ ನರ್ಸಿಂಗ್ ಪರೀಕ್ಷೆಗೆ ಬಂದ ಹುಡುಗಿಯೊಬ್ಬಳನ್ನು ಬಾಗಿಲಿನಿಂದಲೇ ಹಿಂದೆ ಕಳಿಸಿದ್ದು ಬಂತು. ಹುಡುಗಿ ದುಪಟ್ಟಾದಲ್ಲಿ ಮುಖ ಮುಚ್ಚಿಕೊಂಡು ಅಳುತ್ತಿದ್ದಳು. ದುಪಟ್ಟಾ ಹಿಡಿದ ಬೆರಳುಗಳು ಗೆಣ್ಣಿನವರೆಗೆ ಬೆಳ್ಳಗಿದ್ದವು. ನೀಲಗಂಗಾ ಟಿವಿ ಆರಿಸಿದಳು. ತವರಿಗೆ ಹೋಗಿ ಬರುತ್ತೇನೆಂದು ಗಂಡನಿಗೆ ಸುಳ್ಳು ಹೇಳಿ ಧಾರವಾಡದ ಬಸ್ಸು ಹತ್ತಿದಳು.

ಕೇಂದ್ರದ ಕಾವಲಿನವನು ಅವಳನ್ನು ಒಳಗೆ ಬಿಡುತ್ತಿರಲಿಲ್ಲ. "೪೪೧೭ ನಾನ" ಎಂದು ಹೇಳಿಕಳಿಸಿದ ಮೇಲೆ ಐದು ನಿಮಿಷದಲ್ಲಿ ಕನ್ನಡಕದ ಹೆಂಗಸೊಬ್ಬಳು ತಾನೇ ಇಳಿದು ಬಂದಳು. ಯಂತ್ರಕ್ಕೆ ಕಲಿಸುವ ತಂಡದ ಮುಖ್ಯಸ್ಥೆ, ಡಾಕ್ಟರ್ ಅರುಂಧತಿ ಕಟ್ಟಿ. ಅವಳ ಕಣ್ಣುಗಳು ನಿದ್ದೆಗೆಟ್ಟು ಊದಿಕೊಂಡಿದ್ದವು.

ಮೇಲಿನ ಕೋಣೆಯಲ್ಲಿ ಗೋಡೆಯಗಲದ ಪರದೆಯಿತ್ತು. ರಾಜ್ಯದಲ್ಲಿ ನಿಜರೂಪ ಆ ಕ್ಷಣ ನೋಡುತ್ತಿದ್ದ ಮುಖಗಳ ಲೆಕ್ಕ ಅದರ ಮೇಲೆ ಹಸಿರು ಚುಕ್ಕೆಗಳಾಗಿ ಹರಿಯುತ್ತಿತ್ತು. ನಡುನಡುವೆ ಕೆಂಪು.

"ಒಂದು ಕೆಂಪು ಅಂದ್ರ ಒಬ್ಬರನ್ನ ಎಲ್ಲೋ ಹೊರಗ ನಿಲ್ಲಿಸ್ಯಾರ ಅಂತ ಅರ್ಥ" ಎಂದಳು ಅರುಂಧತಿ. "ಸೋಮವಾರದಿಂದ ಇದು ಏರ್ಲಿಕ್ಕತ್ತದ. ಮೊದಲ ನಮಗ ಕಾರಣ ತಿಳೀಲಿಲ್ಲ. ನಿನ್ನೆ ತಿಳೀತು."

"ನನ್ನ ಚಿತ್ರ ತಗದು ಹಾಕಿಬಿಡ್ರಿ. ಕಲ್ತಿದ್ದು ಮರಸ್ರಿ ಅದಕ್ಕ. ನನ್ನ ಗಂಡ ಮೂರು ದಿನ ಆತು ಮನ್ಯಾಗ ಕುಂತಾನ."

"ಮರಸೂದು ಭಾಳ ಸರಳ ಅದ. ಒಂದು ತಾಸಿನ ಕೆಲಸ. ಆದ್ರ ನೋಡ್ರಿ." ಅರುಂಧತಿ ಇನ್ನೊಂದು ಪರದೆ ತೆರೆದಳು. ಅಲ್ಲಿ ಒಬ್ಬನೇ ಮನುಷ್ಯ ಹಾಕಿಕೊಂಡಿದ್ದ ಹನ್ನೆರಡು ಬೇರೆಬೇರೆ ಮುಖಗಳಿದ್ದವು. ಹನ್ನೆರಡರಲ್ಲೂ ಬಿಳಿ ಮಚ್ಚೆ. "ನಿಮ್ಮ ವಿಧಾನ ನಾವು ಪ್ರಕಟ ಮಾಡಿದ್ವಿ. ಅದು ನಮ್ಮ ತಪ್ಪು, ನಿಮ್ಮದಲ್ಲ. ಅದನ್ನ ಕಲ್ತು ಕಳ್ಳರು ಬ್ಯಾರೆಯವರ ಮುಖದ ಮ್ಯಾಲೆ ಮಚ್ಚೆ ಬಿಡಿಸಿ ಒಳಗ ಬರ್ಲಿಕ್ಕೆ ನೋಡ್ಲಿಕ್ಕತ್ತಾರ. ಭಾನುವಾರದ ಪಾಠಕ್ಕಿಂತ ಮೊದಲ, ಮಚ್ಚೆ ಕಂಡ ಕೂಡ್ಲೇ ಯಂತ್ರ ಉಳಿದ ಮುಖಾನ ಸರಿಯಾಗಿ ನೋಡ್ತಿರಲಿಲ್ಲ. ಈಗ ಮರಸಿದ್ರ ಇವರೆಲ್ಲಾ ಒಳಗ ಬರ್ತಾರ."

"ಹಂಗಾರ?"

"ಖರೇ ಮಚ್ಚೆ ಯಾವುದು, ಬಿಡಿಸಿದ್ದು ಯಾವುದು ಅಂತ ಅದಕ್ಕ ಕಲಸಬೇಕು. ಅದಕ್ಕ ಖರೇ ಮುಖ ಬೇಕು. ಕಡಿಮೆ ಅಂದ್ರೂ ಎರಡು ಸಾವಿರ. ನಮ್ಮ ಕಡೆ ಎಷ್ಟು ಅವ ಗೊತ್ತದ ಏನು? ನಾಕು ಕೋಟಿ ಮುಖದಾಗ ಅರವತ್ತೊಂದು."

"ಬರೇ ಅರವತ್ತೊಂದು?"

"ಇದ್ದವರು ಫೋಟೋಕ್ಕ ನಿಲ್ಲಂಗಿಲ್ಲ. ನಿಂತವರು ತಿದ್ದಿಸಿಕೊಂಡು ಕೊಡ್ತಾರ. ಸ್ಟುಡಿಯೋದವರು ಕೇಳದನ ಅಳಸಿ ಕೊಡ್ತಾರ. ಕಲಿಯೂವಾಗ ಯಂತ್ರ ಅಂಥಾ ಮುಖಾನ ನೋಡಿಲ್ಲ."

ನೀಲಗಂಗಾ ಪರದೆಯ ಮೇಲಿನ ಕೆಂಪು ಚುಕ್ಕೆಗಳನ್ನು ನೋಡಿದಳು. ಅವು ನಿಲ್ಲುತ್ತಲೇ ಇರಲಿಲ್ಲ.

ಮನೆಗೆ ಬಂದಾಗ ಗುರುಶಾಂತ ಮೊರದಲ್ಲಿ ಹೆಸರುಕಾಳು ಆರಿಸುತ್ತ ಕೂತಿದ್ದ. ಕೆಲಸವಿಲ್ಲದ ಮನುಷ್ಯ ಏನಾದರೊಂದು ಹಚ್ಚಿಕೊಳ್ಳಬೇಕಲ್ಲ. ಅವಳು ಅಕ್ಕಿಯ ಡಬ್ಬಿಯ ಹಿಂದಿನಿಂದ ಪೆಟ್ಟಿಗೆ ತೆಗೆದು ಅವನ ಮುಂದಿಟ್ಟಳು.

"ಇದು ನಂಗ ಬಂದ ಬಹುಮಾನ. ನಿಮ್ಮ ಮಾರಿ ಬಿಡಿಸಿ ಗೆದ್ದಿದ್ದು."

ಅವನಿಗೆ ತಿಳಿಯಲಿಲ್ಲ. ಅವಳು ಮೊದಲಿನಿಂದ ಹೇಳಿದಳು. ಸೈಕಲ್ಲಿನ ನೆರಳಿನಿಂದ ಹಿಡಿದು ಅರವತ್ತೊಂದರ ತನಕ. ಮಧ್ಯೆ ಎಲ್ಲೂ ಅಳಲಿಲ್ಲ. ಅತ್ತರೆ ಅವನು ಸಮಾಧಾನ ಮಾಡಬೇಕಾಗುತ್ತದೆ, ಅದನ್ನು ಕೇಳುವ ಮುಖ ತನಗಿಲ್ಲ ಎಂದುಕೊಂಡಳು. ಕೊನೆಗೆ ಫೋನಿನಲ್ಲಿ ಆ ಚಿತ್ರ ತೋರಿಸಿದಳು. ಅವನು ಅದನ್ನು ದೂರ ಹಿಡಿದು ನೋಡಿದ. ಹತ್ತಿರ ಹಿಡಿದು ನೋಡಿದ.

"ಈ ಚುಕ್ಕಿ?" ಎಂದ. "ಇವು ನನ್ನ ಗಲ್ಲದಾಗ ಅದಾವ?"

"ಅದಾವ."

"ನಂಗ ಗೊತ್ತಿರಲಿಲ್ಲ." ಅವನು ಹನ್ನೊಂದು ವರ್ಷದಿಂದ ಕನ್ನಡಿಯನ್ನು ಸರಿಯಾಗಿ ನೋಡಿರಲಿಲ್ಲ. ಫೋನನ್ನು ವಾಪಸ್ಸು ಕೊಟ್ಟ. "ನೀ ಔಷಧ ಹಚ್ಚೂವಾಗ ಇದನ್ನೆಲ್ಲಾ ನೋಡ್ಕೋತ ಕುಂತಿದ್ಯಾ?"

ಹೌದು ಎಂದರೆ ತಪ್ಪು, ಅಲ್ಲ ಎಂದರೆ ಸುಳ್ಳು.

"ಸೆಂಟರಿನವ್ರು ಫೋಟೋ ತಗೋತಾರಂತ. ನೀವೂ ಒಂದ..."

"ಒಂದ್ಸಲ ಕೇಳದ ತಗೊಂಡಿ. ಈಗ ಕೇಳಾಕತ್ತಿ. ಒಲ್ಲೆ" ಎಂದ ಗುರುಶಾಂತ. ದನಿ ಏರಿಸಲಿಲ್ಲ. ಅಂದು ಸಂಜೆ ಮುಲಾಮನ್ನು ತಾನೇ ಹಚ್ಚಿಕೊಂಡ. ಕಿವಿಯ ಕೆಳಗೆ ಒಂದಿಷ್ಟು ಹಾಗೇ ಉಳಿದಿತ್ತು. ಒರೆಸಲು ಅವಳಿಗೆ ಧೈರ್ಯ ಬರಲಿಲ್ಲ.

ಶನಿವಾರದಿಂದ ಕೇಂದ್ರದವರು ಊರೂರಿಗೆ ಕ್ಯಾಮೆರಾ ಕಳಿಸಿದರು. ಮೋಸವಾಗದಂತೆ ಪ್ರತಿ ಮುಖವನ್ನೂ ಎದುರಿಗೆ ಕೂರಿಸಿ, ಒಬ್ಬರು ಮುಟ್ಟಿ ನೋಡಿ, ಸಹಿ ಹಾಕಬೇಕು. ಗದಗಿನ ಶಾಲೆಯೊಂದರಲ್ಲಿ ಮುಟ್ಟಿ ನೋಡುವ ಕೆಲಸಕ್ಕೆ ಕೂತವಳು ನೀಲಗಂಗಾ. ಮೊದಲ ದಿನ ಬಂದವರು ಏಳು ಜನ.

ಎಂಟನೆಯವಳಾಗಿ ಒಬ್ಬ ಹುಡುಗಿ ಬಾಗಿಲವರೆಗೆ ಬಂದಳು. ಅರುಂಧತಿಯೂ ಅಲ್ಲೇ ಇದ್ದಳು.

"ಫೋಟೋ ಯಾರರ ನೋಡ್ತಾರನ್ರಿ?"

"ಯಂತ್ರ ನೋಡ್ತದ. ಮನುಷ್ಯರು ನೋಡಂಗಿಲ್ಲ. ಆದ್ರ ಫೋಟೋ ನಮ್ಮ ಕಡೆ ಇರ್ತದ, ಆ ಮಾತ ನಿಮ್ಮಿಂದ ಮುಚ್ಚಿಡಂಗಿಲ್ಲ ನಾ" ಎಂದಳು ಅರುಂಧತಿ.

"ಮುಂದಿನ ತಿಂಗಳ ನನ್ನ ಮದವಿ ಐತ್ರಿ. ಅವ್ರಿಗೆ ಗೊತ್ತಿಲ್ಲ. ಕುತಿಗಿ ಕೆಳಗ ಅಷ್ಟ ಇತ್ತು, ಈಗ ಗದ್ದಕ್ಕ ಬಂದೈತಿ." ಅವಳು ಸೆರಗು ಬಿಗಿಮಾಡಿಕೊಂಡು ಹೊರಟುಹೋದಳು. ನೀಲಗಂಗಾ ಅವಳನ್ನು ಕೂಗಿ ಕರೆಯಲು ಎದ್ದವಳು ಮತ್ತೆ ಕೂತಳು. ಏನೆಂದು ಕರೆಯುವುದು? ನಾನು ಆಟಕ್ಕೆ ಬಿಡಿಸಿದ್ದರಿಂದ ನೀನು ಮುಖ ತೋರಿಸಬೇಕಾಗಿದೆ ಎಂದೇ?

ಹತ್ತು ದಿನದ ಗಡುವು. ನಾಲ್ಕನೇ ದಿನ ಎಲ್ಲ ಊರುಗಳನ್ನು ಕೂಡಿಸಿದರೂ ಮುನ್ನೂರು ದಾಟಲಿಲ್ಲ. ನೀಲಗಂಗಾಳಿಗೆ ಊಟ ಸೇರುತ್ತಿರಲಿಲ್ಲ. ಯಾರ ಫೋನು ಬಂದರೂ, ಇನ್ನೆಲ್ಲೋ ಯಾರನ್ನೋ ನಿಲ್ಲಿಸಿದ್ದಾರೆಂಬ ಸುದ್ದಿಯೇ ಎಂದು ಓಡಿಹೋಗಿ ಎತ್ತುತ್ತಿದ್ದಳು.

ಐದನೇ ದಿನ ಗುರುಶಾಂತ ಅವಳ ಜೊತೆ ಹೊರಟ. "ಮನ್ಯಾಗ ಕುಂತು ಸಾಕಾಗೇತಿ" ಎಂದನಷ್ಟೆ. ಶಾಲೆಯೊಳಗೆ ಬರಲಿಲ್ಲ. ಎದುರಿನ ಚಹಾದಂಗಡಿಯ ಬೆಂಚಿನ ಮೇಲೆ, ರಸ್ತೆಯ ಕಡೆ ಮುಖ ಮಾಡಿ ಕೂತ. ರಸ್ತೆಯ ಕಡೆ! ಅವನು ಹಾಗೆ ಕೂತದ್ದನ್ನು ಅವಳು ಎಷ್ಟೋ ವರ್ಷದಿಂದ ಕಂಡಿರಲಿಲ್ಲ.

ಶಾಲೆಯವರೆಗೆ ಬಂದು ಹಿಂದೆಮುಂದೆ ನೋಡಿ ಹೋಗುತ್ತಿದ್ದವರು ಅವನನ್ನು ಕಂಡು ನಿಲ್ಲತೊಡಗಿದರು. ಅವನ ಮುಖ ನೋಡಿ, ಪಕ್ಕದಲ್ಲಿ ಕೂತು, ಚಹಾ ಹೇಳುತ್ತಿದ್ದರು. ಅವನು ಅವರಿಗೆ ಏನು ಹೇಳುತ್ತಾನೆಂದು ನೀಲಗಂಗಾಳಿಗೆ ಕುತೂಹಲ. ಒಮ್ಮೆ ನೀರಿನ ನೆವ ಮಾಡಿ ಹತ್ತಿರ ಹೋದಳು.

"ಡಿಪೋದಾಗ ಎಲ್ಲಾರ ಮುಂದ ಗಲ್ಲ ತಿಕ್ಕಿಸಿದ್ರಪಾ ನಂಗ" ಎನ್ನುತ್ತಿದ್ದ ಅವನು ಒಬ್ಬ ಮಾಸ್ತರಿಗೆ. "ರಕ್ತ ಬರೂತನಕ ತಿಕ್ಕಿದೆ. ಹೋಗಲಿಲ್ಲ. ಹೋಗಾಕ ಅದೇನು ಬಣ್ಣೇನು? ನಾಳೆ ನಿಮ್ಮ ಸಾಲ್ಯಾಗೂ ತಿಕ್ಕು ಅಂತಾರ. ಒಳಗ ಹೋಗ್ರಿ, ಎರಡ ನಿಮಿಷದ ಕೆಲಸ."

"ನಿಮ್ಮದು ಆತೇನ್ರಿ?" ಎಂದು ಕೇಳಿದರು ಮಾಸ್ತರು.

"ನಂದು ಬ್ಯಾರೆ ಲೆಕ್ಕ" ಎಂದ ಗುರುಶಾಂತ. "ನನ್ನ ಮಾರಿ ಆಗಲೇ ಒಮ್ಮೆ ಹೋಗಿ ಬಂದೈತಿ."

ಮಾಸ್ತರು ಒಳಗೆ ಹೋದರು. ಮರುದಿನ ಅವರು ಇನ್ನಾರು ಜನರನ್ನು ಕರೆತಂದರು. ಗುರುಶಾಂತ ಲಕ್ಷ್ಮೇಶ್ವರಕ್ಕೆ ಹೋದ, ಮುಂಡರಗಿಗೆ ಹೋದ, ಬೇರೆಯವರು ಓಡಿಸುವ ಬಸ್ಸಿನಲ್ಲಿ ಹಿಂದಿನ ಸೀಟಿನಲ್ಲಿ ಕೂತು. ಪ್ರತಿ ಕಡೆಯೂ ಹೊರಗಿನ ಬೆಂಚೇ ಅವನ ಜಾಗ. ಸುದ್ದಿ ಬಾಯಿಂದ ಬಾಯಿಗೆ ಹೋಯಿತು. ಬೇರೆ ಜಿಲ್ಲೆಗಳಲ್ಲೂ ಅಂಥವರು ಹೊರಗೆ ಬಂದು ಕೂತರು. ಒಂಬತ್ತನೇ ದಿನ ಮದುವೆಯ ಹುಡುಗಿ ತಿರುಗಿ ಬಂದಳು. "ಅವ್ರಿಗೆ ಹೇಳಿದೆ" ಎಂದಳು. ಅವರು ಏನೆಂದರು ಎಂದು ನೀಲಗಂಗಾ ಕೇಳಲಿಲ್ಲ, ಅವಳೂ ಹೇಳಲಿಲ್ಲ. ನೀಲಗಂಗಾ ಅವಳ ಗದ್ದವನ್ನು ಮುಟ್ಟಿ ಸಹಿ ಹಾಕಿದಳು.

ಹತ್ತನೇ ದಿನಕ್ಕೆ ಎರಡು ಸಾವಿರದ ನೂರ ನಾಲ್ಕು ಮುಖಗಳು. ಗುರುಶಾಂತನದು ಅದರಲ್ಲಿ ಇರಲಿಲ್ಲ.

ಈ ಸಲ ಭಾನುವಾರದವರೆಗೆ ಕಾಯದೆ, ಮರುದಿನ ಮಂಗಳವಾರವೇ ಯಂತ್ರಕ್ಕೆ ಪಾಠವಾಯಿತು. ಬುಧವಾರ ಗುರುಶಾಂತ ಡಿಪೋಗೆ ಹೊರಟಾಗ ನೀಲಗಂಗಾಳೂ ಹಿಂದೆಯೇ ಹೋಗಿ ಗೇಟಿನ ಹೊರಗೆ ನಿಂತಳು. ಅವನು ಕ್ಯಾಮೆರಾದ ಮುಂದೆ ನಿಂತದ್ದು ಸರಳಿನ ಸಂದಿಯಿಂದ ಕಾಣುತ್ತಿತ್ತು. ಒಂದು ಕ್ಷಣ, ಎರಡು ಕ್ಷಣ. ಯಂತ್ರ ಯೋಚಿಸುತ್ತಿತ್ತು. ಅವಳು ಸರಳನ್ನು ಹಿಡಿದುಕೊಂಡಳು. ಅವನ ಹಿಂದೆ ಸಾಲಿನಲ್ಲಿದ್ದ ಡ್ರೈವರುಗಳೂ ಮಾತು ನಿಲ್ಲಿಸಿದ್ದರು.

ಹಸಿರು.

ಅವನು ತಿರುಗಿ ಅವಳ ಕಡೆ ನೋಡಿದ. ಬಸ್ಸನ್ನು ಹೊರಗೆ ತಂದು ಗೇಟಿನ ಹತ್ತಿರ ಒಂದು ಗಳಿಗೆ ನಿಲ್ಲಿಸಿದ.

"ನನ್ನ ಮಾರಿ ಇಲ್ಲದ ಕಲೀತು ನೋಡು" ಎಂದ ಕಿಟಕಿಯಿಂದ. "ಹತ್ತು. ಮನೀತನಕ ಬಿಡ್ತೀನಿ."

ಅವಳು ಹತ್ತಿ, ಅವನ ಬೆನ್ನಿನ ಹಿಂದಿನ ಸೀಟಿನಲ್ಲಿ ಕೂತಳು. ಸಂಜೆ ಅವನು ಮುಲಾಮಿನ ಡಬ್ಬಿಯನ್ನು ಅವಳ ಕೈಗೆ ಕೊಟ್ಟ. ಹಚ್ಚುವಾಗ ಅವಳು ಕಣ್ಣು ಮುಚ್ಚಿಕೊಂಡಳು. "ಕಣ್ಣು ತಗದು ಹಚ್ಚು, ಮೂಗಿಗೆ ಬಡೀಯಾಕತ್ತಿ" ಎಂದ.

ಸ್ಪರ್ಧೆ ನಿಲ್ಲಲಿಲ್ಲ. ನಿಲ್ಲಿಸಿದರೆ ಯಂತ್ರ ಮಂಕಾಗುತ್ತದೆ, ಕಳ್ಳರು ಮಂಕಾಗುವುದಿಲ್ಲ ಎಂದಳು ಅರುಂಧತಿ. ಆದರೆ ವಿಧಾನ ಪ್ರಕಟಿಸುವುದನ್ನು ಕೈಬಿಟ್ಟರು. ಮುಖದ ಚಿತ್ರ ಗೆದ್ದರೆ ಭಾನುವಾರದ ಪಾಠಕ್ಕೆ ಮೊದಲು, ಶುಕ್ರವಾರ, ನೀಲಗಂಗಾಳಿಗೆ ಕಳಿಸುವುದೆಂದು ಒಪ್ಪಿಕೊಂಡರು. ಅವಳು ಒಪ್ಪಿದರಷ್ಟೇ ಯಂತ್ರಕ್ಕೆ.

ಮೊದಲ ಎಂಟು ಶುಕ್ರವಾರ ಏನೂ ಇರಲಿಲ್ಲ. ಮೂಗು, ಮೀಸೆ, ಹಣೆಯ ಸುಕ್ಕು. ಒಂಬತ್ತನೆಯದಕ್ಕೆ ಹೊಸಬರ ವಿಭಾಗದಿಂದ ಒಂದು ಚಿತ್ರ ಬಂತು. ನಗುವ ತರುಣನ ಮೇಲ್ತುಟಿಯಲ್ಲಿ, ಹುಟ್ಟಿನಿಂದ ಸೀಳಿದ್ದನ್ನು ಹೊಲಿದ ಗುರುತು. ಹೊಲಿಗೆಯ ಎರಡೂ ಬದಿಯಲ್ಲಿ ಸೂಜಿಯ ಚುಕ್ಕೆ. ನಗುವಾಗ ತುಟಿ ಒಂದು ಕಡೆ ಕೊಂಚ ಬಿಗಿಯುವುದು, ಆ ಕಡೆಯ ಮೂಗಿನ ಹೊಳ್ಳೆ ಚಪ್ಪಟೆಯಾಗುವುದು, ಎಲ್ಲವೂ ಇತ್ತು. ನಿಜರೂಪ 'ತಿದ್ದಿಲ್ಲ' ಎಂದಿತ್ತು. ಕಳಿಸಿದವರು ಹುಮನಾಬಾದಿನ ಒಬ್ಬ ಹೆಂಗಸು, ಶಕುಂತಲಾ ಎಂದು ಹೆಸರು.

ನೀಲಗಂಗಾ ಅದನ್ನು ಬಹಳ ಹೊತ್ತು ನೋಡಿದಳು. ಇಷ್ಟು ಸರಿಯಾಗಿ ಬಿಡಿಸಲು ಅದನ್ನು ಎಷ್ಟು ದಿನ, ಎಷ್ಟು ಹತ್ತಿರದಿಂದ ನೋಡಿರಬೇಕೆಂದು ಅವಳಿಗೆ ಗೊತ್ತಿತ್ತು. ಭಾನುವಾರಕ್ಕೆ ಎರಡು ದಿನ ಉಳಿದಿತ್ತು. ಚಿತ್ರದ ಜೊತೆಗಿದ್ದ ನಂಬರಿಗೆ ಫೋನು ಮಾಡಿದಳು.

"ಶಕುಂತಲಕ್ಕಾರೇನ್ರಿ? ನಾನು ಗದಗಿನಿಂದ ಮಾತಾಡಾಕತ್ತೀನ್ರಿ, ಸ್ಪರ್ಧೆಯವ್ರ ಕಡಿಂದ."

"ಅಯ್ಯೋ, ನಂದು ಬಂದದಂತ ಏನ್ರಿ?" ಆ ಕಡೆಯ ದನಿ ಸಂತೋಷದಿಂದ ಎದ್ದು ನಿಂತಂತಿತ್ತು. "ಇದೇ ಮೊದಲ್ನೇ ಸಲ ರೀ ನಾ ಕಳಸಿದ್ದು!"

"ಭಾಳ ಚಂದ ಬಂದೈತ್ರಿ." ನೀಲಗಂಗಾ ಫೋನನ್ನು ಇನ್ನೊಂದು ಕಿವಿಗೆ ಹಿಡಿದಳು. "ಅಕ್ಕಾರ, ಒಂದ ಮಾತ ಕೇಳ್ತೀನಿ, ತಪ್ಪ ತಿಳ್ಕೋಬ್ಯಾಡ್ರಿ. ನಿಮ್ಮ ಮನ್ಯಾಗ ಇದು ಯಾರಿಗೆ ಐತ್ರಿ?"

ಆ ಕಡೆ ಎಲ್ಲೋ ಕುಕ್ಕರ್ ಕೂಗಿತು.

"ನನ್ನ ಮಗಳಿಗೆ" ಎಂದಳು ಶಕುಂತಲಾ. "ಯಾಕ್ರಿ?"